ಒಂದು ಸೆಂಟಿನ ದೆವ್ವಗಳು: ಹ್ಯಾಲೋವೀನ್ ಅಂಚೆ ಕಾರ್ಡುಗಳ ಕಥೆ



ನಾವು ಎರಿನ್ ಮಿಲ್ಸ್‌ಗೆ ಬಂದ ಮೊದಲ ವರ್ಷ, ಅಕ್ಟೋಬರ್ 31ರ ಸಂಜೆ ಬಿಳಿಯ ಹೊದಿಕೆ ಹೊದ್ದ ಮಗುವೊಂದು ನಮ್ಮ ಬಾಗಿಲು ತಟ್ಟಿತು. ಅಮಾವಾಸ್ಯೆಯ ಭಯದಲ್ಲಿ ಬೆಳೆದ ನಾವು ದೀಪವಾರಿಸಿ ಒಳಗೇ ಕುಳಿತೆವು. ವೈದ್ಯರಾಗಿದ್ದೂ ಮಗುವಿಗೆ ಅಂಜಿದೆವಲ್ಲ ಎಂಬ ಸಂಕೋಚವೇ ಮುಂದೆ ನಮ್ಮನ್ನು ಈ ಹಬ್ಬದ ಇತಿಹಾಸದತ್ತ ಎಳೆಯಿತು.

ಎರಿನ್ ಎಂಬುದು ಐರ್ಲೆಂಡಿನ ಕಾವ್ಯನಾಮ. ಹ್ಯಾಲೋವೀನಿನ ಬೇರೂ ಆ ನೆಲದ್ದೇ. ಅಲ್ಲಿ ಟರ್ನಿಪ್ ಗೆಡ್ಡೆ ಕೊರೆದು ದೀಪವಿಡುತ್ತಿದ್ದರು. ವಲಸೆ ಬಂದವರಿಗೆ ಇಲ್ಲಿ ಕುಂಬಳಕಾಯಿ ದೊರೆಯಿತು. ಹಬ್ಬಗಳೂ ನಮ್ಮಂತೆಯೇ ಹೊಸ ನೆಲದಲ್ಲಿ ಸಿಕ್ಕಿದ್ದನ್ನು ಒಗ್ಗಿಸಿಕೊಳ್ಳುತ್ತವೆ.

ಈ ಹಬ್ಬದ ಚಿತ್ರ ಕಾರ್ಡುಗಳ ಸುವರ್ಣಕಾಲ ಸುಮಾರು 1905ರಿಂದ 1915. ಅಮೆರಿಕದಲ್ಲಿ 1907ರಿಂದ ವಿಳಾಸದ ಪಕ್ಕದಲ್ಲೇ ಒಕ್ಕಣೆ ಬರೆಯಲು ಅನುಮತಿ ದೊರೆತು, ಮುಂಬದಿಯೆಲ್ಲ ಚಿತ್ರಕ್ಕೆ ಮೀಸಲಾಯಿತು. ಅಂಚೆವೆಚ್ಚ ಒಂದೇ ಸೆಂಟು. ಪೊರಕೆಯೇರಿದ ಮಾಟಗಾತಿ, ಕರಿಬೆಕ್ಕು, ಕುಂಬಳದ ತಲೆಯ ಮನುಷ್ಯರು, ನಡುರಾತ್ರಿ ಮೋಂಬತ್ತಿ ಹಿಡಿದು ಕನ್ನಡಿಯಲ್ಲಿ ಭಾವೀ ಪತಿಯ ಮುಖ ಹುಡುಕುವ ತರುಣಿ: ಇವು ಅವುಗಳ ವಸ್ತು. ಭಯವನ್ನು ನಗೆಯಾಗಿಸುವುದೇ ಅವುಗಳ ಜಾಣ್ಮೆ. ಎಲೆನ್ ಕ್ಲ್ಯಾಪ್‌ಸ್ಯಾಡಲ್ ಎಂಬ ಕಲಾವಿದೆ ಗುಂಡುಕೆನ್ನೆಯ ಮಕ್ಕಳನ್ನು ಬರೆದರೆ, ಜಾನ್ ವಿಂಚ್ ಪ್ರಕಾಶನಕ್ಕಾಗಿ ಸ್ಯಾಮ್ಯುಯೆಲ್ ಷ್ಮುಕರ್ ಚೆಲುವೆಯರಾದ ಮಾಟಗಾತಿಯರನ್ನು ಚಿತ್ರಿಸಿದರು.

ಇಂಥ ಎಷ್ಟೋ ಕಾರ್ಡುಗಳು ಅಚ್ಚಾದದ್ದು ಜರ್ಮನಿಯಲ್ಲಿ, ಬಣ್ಣಕ್ಕೊಂದು ಕಲ್ಲಿನಂತೆ ಬಳಸುವ ಕಲ್ಲಚ್ಚಿನ ವಿಧಾನದಲ್ಲಿ. ನಮ್ಮ ಅಜ್ಜಿಯರ ದೇವರ ಕೋಣೆಯ ಲಕ್ಷ್ಮಿ, ಸರಸ್ವತಿಯರೂ ಇದೇ ವಿದ್ಯೆಯ ಕೂಸುಗಳು. ರವಿವರ್ಮರು 1894ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಮುದ್ರಣಾಲಯಕ್ಕೆ ಯಂತ್ರವೂ ಕುಶಲಿಗಳೂ ಜರ್ಮನಿಯಿಂದಲೇ ಬಂದರು. ಅಲ್ಲಿ ದೇವಿ, ಇಲ್ಲಿ ದೆವ್ವ, ಕೈಚಳಕ ಒಂದೇ! 1914ರ ಮಹಾಯುದ್ಧ ಜರ್ಮನಿಯ ಕಾರ್ಡುಗಳ ದಾರಿ ಕಡಿಯಿತು. ಆ ಸುವರ್ಣಕಾಲ ಮುಗಿಯಿತು.

ಬಾಗಿಲಿಗೆ ಬೂದುಗುಂಬಳ ಕಟ್ಟುವ, ಗೋಡೆಯ ಮೇಲೆ 'ನಾಳೆ ಬಾ' ಎಂದು ಬರೆದು ದೆವ್ವವನ್ನು ಸಾಗಹಾಕುವ ನಾಡಿನವರು ನಾವು. ಈ ಹಬ್ಬ ನಮಗೆ ತೀರ ಪರಕೀಯವೆನ್ನಲಾದೀತೆ? ಮಾರನೆಯ ದಿನವೇ ನಮ್ಮ ರಾಜ್ಯೋತ್ಸವ. ಈಗ ನಮ್ಮ ಬಾಗಿಲ ದೀಪ ಆರುವುದಿಲ್ಲ.

ಆದರೆ ಒಂದು ಚಿಂತೆಯುಂಟು. ಯಾರೋ ಚಿಕ್ಕಮ್ಮನಿಗೆ ಬರೆದ ಎರಡು ಸಾಲು ಆ ಕಾರ್ಡುಗಳ ಹಿಂಬದಿಯಲ್ಲಿ ಶತಮಾನ ದಾಟಿ ಉಳಿದಿವೆ. 'ಉಭಯ ಕುಶಲೋಪರಿ' ಎಂದು ಆರಂಭವಾಗುತ್ತಿದ್ದ ನಮ್ಮ ತಂದೆಯವರ ಪತ್ರಗಳೂ ಪೆಟ್ಟಿಗೆಯಲ್ಲಿವೆ. ನಮ್ಮ ಮಕ್ಕಳ ಕೈಬರಹದ ಕನ್ನಡ ಯಾವ ಪೆಟ್ಟಿಗೆಯಲ್ಲಿ ಉಳಿದೀತು? ಈ ಅಕ್ಟೋಬರಿನಲ್ಲಿ ಅವರಿಂದ ಒಂದು ಕುಂಬಳಕಾಯಿ ಬರೆಸಿ, ಕೆಳಗೆ ಕನ್ನಡದಲ್ಲಿ ಎರಡು ಸಾಲು ಸೇರಿಸಿ, ಊರಿನ ಅಜ್ಜ ಅಜ್ಜಿಯರಿಗೆ ಅಂಚೆಗೆ ಹಾಕಿಸೋಣ.