ಬೆಳಕು ಬೇಕು, ಬಿಸಿ ಬೇಡ: ಮೀನಿನ ತೊಟ್ಟಿಯ 170 ವರ್ಷ

ಟೇಬಲ್ ಮೇಲೊಂದು ಚಿಕ್ಕ ಅಕ್ವೇರಿಯಂ, ಅದರ ಮೇಲೊಂದು ಲೈಟು. ಗಿಡ ಬದುಕೋಕೆ ಬೆಳಕು ಬೇಕು, ಆದ್ರೆ ಬೆಳಕಿನ ಜೊತೆ ಬರೋ ಬಿಸಿ ಮೀನಿಗೆ ಬೇಡ. ಇವೆರಡನ್ನ ಬೇರೆ ಮಾಡೋ ಪ್ರಯತ್ನವೇ ಇವತ್ತಿನ ಕಥೆ.

1850ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ತನ್ನ ಪ್ರಯೋಗದ ವಿವರ ಪ್ರಕಟಿಸಿದ. ಗಾಜಿನ ಪಾತ್ರೆಯಲ್ಲಿ ಗೋಲ್ಡ್‌ಫಿಶ್, ನೀರಿನ ಗಿಡ, ಬಸವನಹುಳು. ಗಿಡ ಆಮ್ಲಜನಕ ಕೊಡತ್ತೆ, ಮೀನು ಅದನ್ನ ಬಳಸತ್ತೆ, ಹುಳು ಕೊಳೆತ ಎಲೆ ತಿನ್ನತ್ತೆ. ಜಮಾ-ಖರ್ಚು ಸರಿಹೋಯ್ತು. ಆದ್ರೆ ಆಗ ಬೆಳಕು ಅಂದ್ರೆ ಬಿಸಿಲು. ನಾಲ್ಕೂ ಕಡೆ ಗಾಜಿದ್ರೆ ಪಾಚಿಯೂ ಬೆಳೆಯತ್ತೆ, ನೀರೂ ಕಾಯತ್ತೆ. ಆಮೇಲೆ ವಾರಿಂಗ್ಟನ್ ಹಿಂಬದಿ ಓರೆಯಾಗಿರೋ ತೊಟ್ಟಿ ಮಾಡಿದ: ನೋಡೋಕೆ ಮುಂದೆ ಮಾತ್ರ ಗಾಜು, ಬೆಳಕು ಮೇಲಿಂದ ಮಾತ್ರ.

1853ರಲ್ಲಿ ಲಂಡನ್ ಮೃಗಾಲಯ ಕಬ್ಬಿಣ-ಗಾಜಿನ ಮೀನುಮನೆ ತೆರೀತು. ಇದಕ್ಕಿಂತ ನನಗೆ ಇಷ್ಟವಾಗೋದು ವಿಲಿಯಂ ಆಲ್ಫರ್ಡ್ ಲಾಯ್ಡ್ ಮಾಡಿದ ಕೆಲಸ. ಈತ ವಿಜ್ಞಾನಿ ಅಲ್ಲ, ಪುಸ್ತಕ ಬೈಂಡ್ ಮಾಡ್ತಿದ್ದವ. (ಬಿಕಾಂ ಓದಿ ಇತಿಹಾಸ ಹೇಳೋ ನನಗೆ ಇಂಥವರ ಮೇಲೆ ಸ್ವಲ್ಪ ಪ್ರೀತಿ ಜಾಸ್ತಿ.) ನಮ್ಮ ಲಾಲ್‌ಬಾಗ್ ಗಾಜಿನಮನೆಗೆ ಸ್ಫೂರ್ತಿಯಾದ ಕ್ರಿಸ್ಟಲ್ ಪ್ಯಾಲೇಸ್ ಇತ್ತಲ್ಲ, ಅಲ್ಲಿ 1871ರಲ್ಲಿ ತೆರೆದ ಅಕ್ವೇರಿಯಂ ಆತನ ವಿನ್ಯಾಸ. ಜನ ನೋಡೋ ತೊಟ್ಟಿಗಳಿಗಿಂತ ಕೆಲವು ಪಟ್ಟು ಹೆಚ್ಚು ನೀರನ್ನ ನೆಲದಡಿಯ ಕತ್ತಲ ಸಂಪಿನಲ್ಲಿಟ್ಟು, ಪಂಪ್ ಮಾಡಿ ಸುತ್ತಿಸ್ತಿದ್ದ. ಮೇಲೆ ಕಾದ ನೀರು ಕೆಳಗೆ ಹೋಗಿ ತಣ್ಣಗಾಗ್ತಿತ್ತು. ಅಂದ್ರೆ ಆತನ ಬಂಡವಾಳ ನೀರಿನ ಪ್ರಮಾಣ. ಚಿಕ್ಕ ತೊಟ್ಟಿಗೆ ಇಲ್ಲದಿರೋದೂ ಅದೇ.

ಆಮೇಲೆ ಮನೆಮನೆಗೆ ಬಲ್ಬ್ ಬಂತು. ಫಿಲಮೆಂಟ್ ಬಲ್ಬ್ ತಿನ್ನೋ ವಿದ್ಯುತ್ತಿನಲ್ಲಿ ಬೆಳಕಾಗೋದು ನೂರಕ್ಕೆ ಐದರಷ್ಟು, ಮಿಕ್ಕಿದ್ದೆಲ್ಲ ಬಿಸಿ. ಲೆಕ್ಕ ಹಾಕೋಣ. 40 ವಾಟ್ ಬಲ್ಬಿನ ಅರ್ಧ ಬಿಸಿ ನೀರಿಗಿಳಿದ್ರೂ, 20 ಲೀಟರ್ ತೊಟ್ಟಿ ಗಂಟೆಗೆ ಸುಮಾರು 0.85 ಡಿಗ್ರಿ ಏರೋಷ್ಟು ಶಾಖ ಸೇರತ್ತೆ. 200 ಲೀಟರಿಗೆ ಅದರ ಹತ್ತನೇ ಒಂದು ಭಾಗ. ಒಂದಷ್ಟು ಬಿಸಿ ಗಾಳಿಗೂ ಹೋಗತ್ತೆ, ನಿಜ. ಆದ್ರೂ ಸಂಜೆ ಹೊತ್ತಿಗೆ ಚಿಕ್ಕ ತೊಟ್ಟಿಯ ಮೀನು ಮೇಲೆ ಬಂದು ಬಾಯಿ ಬಿಡೋದು ಯಾಕೆ ಅಂತ ಗೊತ್ತಾಯ್ತಲ್ಲ? 20 ಡಿಗ್ರಿಯ ಸಿಹಿನೀರು ಲೀಟರಿಗೆ 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳತ್ತೆ, 30 ಡಿಗ್ರಿಗೆ ಏಳೂವರೆ. ಬಿಸಿಗೆ ಮೀನಿನ ದೇಹಕ್ಕೆ ಬೇಕಾಗೋದು ಮಾತ್ರ ಹೆಚ್ಚತ್ತೆ. ಆದಾಯ ಇಳೀತು, ಖರ್ಚು ಏರ್ತು.

1938ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಟ್ಯೂಬ್‌ಲೈಟ್ ದೊಡ್ಡ ಸಮಾಧಾನ ಕೊಟ್ಟಿತು. ಆದ್ರೆ ಅದರ ಚೋಕ್ ಕೂಡ ಕಾಯತ್ತೆ. ಅದನ್ನ ಮುಚ್ಚಳದ ಒಳಗೇ ಇಟ್ರೆ ಏನು ಬಂತು? 1980ರ ದಶಕದಲ್ಲಿ ಹವಳ ಸಾಕೋರು ಮೆಟಲ್ ಹ್ಯಾಲೈಡ್ ದೀಪ ಹಿಡಿದ್ರು, ಅದರ ಬಿಸಿ ಇಳಿಸೋಕೆ ಚಿಲ್ಲರ್ ಕೊಂಡ್ರು. ಒಂದು ಯಂತ್ರ ಕಾಯಿಸೋಕೆ, ಇನ್ನೊಂದು ತಣಿಸೋಕೆ!

ಈಗಿನ ಬಿಳಿ ಎಲ್‌ಇಡಿಗೆ ದಾರಿ ಮಾಡಿದ್ದು ನೀಲಿ ಎಲ್‌ಇಡಿ. 2014ರ ಭೌತಶಾಸ್ತ್ರ ನೊಬೆಲ್ ಅಕಸಾಕಿ, ಅಮಾನೋ, ನಕಮುರಾ ಮೂವರಿಗೆ ಬಂದಿದ್ದು ಇದಕ್ಕೇ. ಎಲ್‌ಇಡಿಯಲ್ಲೂ ಬಿಸಿ ಇದೆ, ಆದ್ರೆ ಅದು ಬೆಳಕಿನ ಜೊತೆ ಕೆಳಗೆ ಬರೋ ಬದಲು ಹೆಚ್ಚಾಗಿ ಬೆನ್ನ ಕಡೆ ಹೋಗತ್ತೆ. ಅದಕ್ಕೇ ಹಿಂದೆ ಅಲ್ಯೂಮಿನಿಯಂ ಪಟ್ಟಿ. ಗಾಳಿಯಾಡದ ಮುಚ್ಚಳದೊಳಗೆ ಕೂರಿಸಿದ್ರೆ ಆ ಅನುಕೂಲವೂ ಹೋಯ್ತು. ಸ್ಟ್ಯಾಂಡ್ ಹಾಕಿ ನೀರಿಂದ ನಾಲ್ಕು ಬೆರಳು ಮೇಲೆ ಇಡಿ, ಮಟಮಟ ಮಧ್ಯಾಹ್ನ ಆರಿಸಿ.

ಸಾಲದಿದ್ರೆ ಚಿಕ್ಕ ಫ್ಯಾನ್ ನೀರಿನ ಮೇಲೆ ಬೀಸಲಿ. ಮಣ್ಣಿನ ಹೂಜಿ ತಣ್ಣಗಾಗೋ ಉಪಾಯವೇ ಇದು: ನೀರು ಆವಿಯಾಗೋವಾಗ ಬಿಸಿಯನ್ನೂ ಹೊತ್ಕೊಂಡು ಹೋಗತ್ತೆ. ಕಲಬುರಗಿಯ ಒಣಗಾಳಿಯಲ್ಲಿ ಚೆನ್ನಾಗಿ ನಡೆಯತ್ತೆ, ಮಂಗಳೂರಿನ ಸೆಕೆಯಲ್ಲಿ ಅಷ್ಟಿಲ್ಲ. ಕಡಿಮೆಯಾದಷ್ಟು ನೀರು ದಿನಾ ತುಂಬಿಸಿ. ನಿಮ್ಮದು ಸಮುದ್ರದ ಮೀನಾದ್ರೂ ತುಂಬಿಸೋದು ಉಪ್ಪಿಲ್ಲದ ನೀರನ್ನೇ, ಯಾಕಂದ್ರೆ ಆವಿಯಾಗೋದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯತ್ತೆ.