ಷಾನ ಜೋನಳೂ ರುವಾನಿನ ನ್ಯಾಯಪೀಠವೂ

ಧರ್ಮಕ್ಕಾಗಿ ಪ್ರಾಣತೆತ್ತವರ ವಿಚಾರಣೆಯನ್ನು ರಂಗಕ್ಕೆ ತರುವ ನಾಟಕಕಾರನಿಗೆ ಸುಲಭದ ದಾರಿಯೊಂದುಂಟು: ನ್ಯಾಯಾಧೀಶನನ್ನು ರಾಕ್ಷಸನನ್ನಾಗಿ ಮಾಡಿಬಿಡುವುದು. ಬರ್ನಾರ್ಡ್ ಷಾ ತನ್ನ 'ಸೇಂಟ್ ಜೋನ್' ನಾಟಕದಲ್ಲಿ ಆ ದಾರಿ ಹಿಡಿಯಲಿಲ್ಲ. ರೋಮಿನ ಚರ್ಚು ಜೋನಳನ್ನು ಸಂತಳೆಂದು ಸಾರಿದ್ದು 1920ರಲ್ಲಿ. ನಾಟಕ ನ್ಯೂಯಾರ್ಕಿನಲ್ಲಿ ರಂಗವೇರಿದ್ದು 1923ರ ಡಿಸೆಂಬರಿನಲ್ಲಿ. ಅದರ ಬಿಷಪ್ ಕೋಶೋನನಾಗಲಿ ಮತವಿಚಾರಣಾಧಿಕಾರಿಯಾಗಲಿ ದುಷ್ಟರಲ್ಲ. ಹುಡುಗಿಯನ್ನು ಉಳಿಸಲೆಂದೇ ಹೆಣಗುತ್ತಾರೆ. ಅವರ ಭಯವೂ ಹುಸಿಯಲ್ಲ. ದೇವರು ತನ್ನೊಡನೆ ನೇರವಾಗಿ ಮಾತನಾಡುತ್ತಾನೆಂದು ಪ್ರತಿಯೊಬ್ಬರೂ ಹೊರಟರೆ ಚರ್ಚಿಗೇನು ಕೆಲಸ?

ಈ ವಿಚಾರಣೆಯ ದಾಖಲೆ ಉಳಿದುಬಂದಿರುವುದು ನಾಟಕಕಾರರ ಭಾಗ್ಯ. ಕಿಶರಾ ಎಂಬ ಫ್ರೆಂಚ್ ವಿದ್ವಾಂಸ ಅದನ್ನು 1841ರಿಂದ 1849ರವರೆಗೆ ಐದು ಸಂಪುಟಗಳಲ್ಲಿ ಅಚ್ಚು ಮಾಡಿಸಿದ. ಅದಕ್ಕೆ ಮೊದಲೇ, 1801ರಲ್ಲಿ, ಶಿಲ್ಲರ್ ಬರೆದ ನಾಟಕದಲ್ಲಿ ಜೋನ್ ಯುದ್ಧಭೂಮಿಯಲ್ಲೇ ಸಾಯುತ್ತಾಳೆ. ರುವಾನಿನ ನ್ಯಾಯಪೀಠದ ಸುದ್ದಿಯೇ ಇಲ್ಲ! ದಾಖಲೆಯಲ್ಲಾದರೋ ಹಳ್ಳಿಯ ಹುಡುಗಿಯ ಜಾಣ್ಮೆ ಬೆರಗುಗೊಳಿಸುತ್ತದೆ. ದೇವರ ಕೃಪೆ ನಿನ್ನ ಮೇಲಿದೆಯೇ ಎಂದು ಕೇಳಿದರು. ಇದೆಯೆಂದರೆ ಅಹಂಕಾರ, ಇಲ್ಲವೆಂದರೆ ಪಾಪದ ಒಪ್ಪಿಗೆ. ಇಲ್ಲದಿದ್ದರೆ ದೇವರು ದಯಪಾಲಿಸಲಿ, ಇದ್ದರೆ ಕಾಪಾಡಲಿ ಎಂಬ ಅರ್ಥದ ಉತ್ತರ ಕೊಟ್ಟಳು. ಷಾ ಅದನ್ನು ಬಿಡದೆ ಬಳಸಿಕೊಂಡಿದ್ದಾನೆ.

ಆದರೆ ಅವನು ಬದಲಿಸಿರುವುದೂ ಉಂಟು. ನಾಟಕದಲ್ಲಿ ಜೋನ್ ತಪ್ಪೊಪ್ಪಿಗೆಗೆ ಅಂಕಿತ ಹಾಕಿ, ಜೀವಾವಧಿ ಸೆರೆಯೆಂದು ಕೇಳಿದೊಡನೆ ಕಾಗದವನ್ನು ಹರಿದೆಸೆದು, ಅಂದೇ ಚಿತೆಗೆ ನಡೆಯುತ್ತಾಳೆ. ನಿಜವಾಗಿ 1431ರ ಮೇ 24ಕ್ಕೂ ಮೇ 30ಕ್ಕೂ ನಡುವೆ ಆರು ದಿನಗಳ ಅಂತರವಿತ್ತು. ಚರ್ಚಿನ ಸೆರೆಯನ್ನು ಬೇಡಿದವಳನ್ನು ಮತ್ತೆ ಇಂಗ್ಲಿಷ್ ಸಿಪಾಯಿಗಳ ಕಾವಲಿಗೇ ತಳ್ಳಿದರು. ಅಲ್ಲಿ ಅವಳ ಮೇಲೆ ಬಲಾತ್ಕಾರದ ಯತ್ನ ನಡೆಯಿತೆಂದು ಮುಂದೆ ಪುನರ್ವಿಚಾರಣೆಯಲ್ಲಿ ಸಾಕ್ಷಿ ನುಡಿದವರಿದ್ದಾರೆ. ಅವಳು ಮತ್ತೆ ಗಂಡುಡುಪು ತೊಟ್ಟಿದ್ದೇ ಸಾವಿಗೆ ಕಾರಣವಾಯಿತು. ಇಂಗ್ಲಿಷರು 10,000 ಲಿವ್ರ್ ತೆತ್ತು ಕೊಂಡ ಸೆರೆಯಾಳು ಅವಳು. ವ್ಯಾಪಾರ ಕುದುರಿಸಿದವನು ಇದೇ ಕೋಶೋನ. ಇಂಥ ಪೀಠವನ್ನು ನ್ಯಾಯವಾದದ್ದೆಂದು ಷಾ ಮುನ್ನುಡಿಯಲ್ಲಿ ವಾದಿಸುವುದು ನನಗೆ ಒಪ್ಪಿಗೆಯಾಗದು. ಸಜ್ಜನರೂ ಕೊಲ್ಲಬಲ್ಲರೆಂಬ ಅವನ ದರ್ಶನ ದೊಡ್ಡದು, ನಿಜ. ಅದಕ್ಕಾಗಿ ಕೋಶೋನನಿಗೆ ಇಷ್ಟು ಸಜ್ಜನಿಕೆ ಸಾಲ ಕೊಡಬೇಕಾಯಿತು.

1953ರಲ್ಲಿ ಫ್ರಾನ್ಸಿನ ಅನೂಯಿ ಚಿತೆಯ ದೃಶ್ಯವನ್ನು ನಡುವೆಯೇ ನಿಲ್ಲಿಸಿ, ರಾಜನ ಪಟ್ಟಾಭಿಷೇಕದಲ್ಲಿ ನಾಟಕ ಮುಗಿಸಿದ. ಜಾಣತನವೇ, ಆದರೆ ಬೆಂಕಿಯ ಬಿಸಿ ತಗ್ಗುತ್ತದೆ.

1456ರಲ್ಲಿ ಮೊದಲ ತೀರ್ಪು ರದ್ದಾಯಿತು. ಹಿಂದಿನ ವರ್ಷ ಪ್ಯಾರಿಸಿನ ನೋತ್ರ್‌ದಾಮಿನಲ್ಲಿ ಮಗಳಿಗಾಗಿ ನ್ಯಾಯ ಬೇಡಿ ನಿಂತವಳು ಮುದುಕಿ ತಾಯಿ ಇಸಾಬೆಲ್. ಷಾನ ನಾಟಕದಲ್ಲಿ ಆಕೆಗೆ ಪಾತ್ರವಿಲ್ಲ.