ಮರೆಯೂ ಕಾವಲೂ: ಕಾಣದ ಫೈಲುಗಳ ಐವತ್ತು ವರ್ಷ

ವಿಂಡೋಸ್ ಕಂಪ್ಯೂಟರಿನ ಸಿ ಡ್ರೈವ್ ತೆರೆದು, ಕಣ್ಣಿಗೆ ಕಾಣುವ ಫೋಲ್ಡರುಗಳ ಗಾತ್ರವನ್ನೆಲ್ಲ ಕೂಡಿಸಿ ನೋಡಿ. ಡಿಸ್ಕ್ ಇಷ್ಟು ತುಂಬಿದೆ ಎಂದು ವಿಂಡೋಸ್ ಹೇಳುವ ಲೆಕ್ಕಕ್ಕೂ ನಿಮ್ಮ ಮೊತ್ತಕ್ಕೂ ಸಾಮಾನ್ಯವಾಗಿ ತಾಳೆಯಾಗುವುದಿಲ್ಲ. ಹಲವು ಜಿಬಿಗಳ ವ್ಯತ್ಯಾಸ ಉಳಿಯುತ್ತದೆ. ರ‍್ಯಾಮ್ ಸಾಲದಾದಾಗ ನೆರವಿಗೆ ಬರುವ ಪೇಜ್‌ಫೈಲ್, ಯಂತ್ರ ಗಾಢನಿದ್ರೆಗೆ ಹೋಗುವಾಗ ನೆನಪನ್ನೆಲ್ಲ ಬರೆದಿಡುವ ಹೈಬರ್‌ಫಿಲ್, ಹಿಂದಿನ ಸ್ಥಿತಿಗೆ ಮರಳುವ ಪ್ರತಿಗಳಿರುವ ಸಿಸ್ಟಮ್ ವಾಲ್ಯೂಮ್ ಇನ್‌ಫರ್ಮೇಶನ್ ಇವೆಲ್ಲ ಅಲ್ಲೇ ಇವೆ, ಕಾಣುವುದಿಲ್ಲ ಅಷ್ಟೆ. ಕಾಣದಂತೆ ಮಾಡುವ ಈ ಪದ್ಧತಿಗೆ ಐವತ್ತು ವರ್ಷಗಳ ಚರಿತ್ರೆಯಿದೆ. ಬಾಗಿಲಿಗೆ ಪರದೆ ಬಿಟ್ಟು ಬೀಗ ಹಾಕಿದೆವೆಂದು ನಂಬಿದ ಕಾಲವೇ ಅದರಲ್ಲಿ ಹೆಚ್ಚು ಎಂಬುದು ನನ್ನ ತಿಳಿವಳಿಕೆ.

ಮೊದಲ ಮರೆ ಹುಟ್ಟಿದ್ದು ಯಾರೂ ಬಯಸದೆ. 1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಯೂನಿಕ್ಸ್ ಆಪರೇಟಿಂಗ್ ಸಿಸ್ಟಮ್ ರೂಪುಗೊಳ್ಳುತ್ತಿತ್ತು. ಫೋಲ್ಡರಿನೊಳಗೆ ಫೋಲ್ಡರ್ ಇಡುವ ವ್ಯವಸ್ಥೆ ಬಂದಾಗ ಪ್ರತಿ ಫೋಲ್ಡರಿನಲ್ಲೂ ಎರಡು ನಮೂದುಗಳು ಸೇರಿಕೊಂಡವು: ಆ ಫೋಲ್ಡರನ್ನೇ ಸೂಚಿಸುವ ಒಂದು ಚುಕ್ಕಿ, ಮೇಲಿನ ಫೋಲ್ಡರನ್ನು ಸೂಚಿಸುವ ಎರಡು ಚುಕ್ಕಿ. ಪಟ್ಟಿ ಕೇಳಿದಾಗಲೆಲ್ಲ ಇವು ಬರುವುದು ಕಿರಿಕಿರಿಯೆನಿಸಿ, ಕೆನ್ ಥಾಂಪ್ಸನ್ ಅಥವಾ ಡೆನಿಸ್ ರಿಚಿ ‘ಎಲ್‌ಎಸ್’ ಪ್ರೋಗ್ರಾಮಿಗೆ ಒಂದು ಸಣ್ಣ ತಪಾಸಣೆ ಸೇರಿಸಿದರು. ಹೆಸರಿನ ಮೊದಲ ಅಕ್ಷರ ಚುಕ್ಕಿಯಾಗಿದ್ದರೆ ತೋರಿಸಬೇಡ ಎಂಬುದೇ ಆ ತಪಾಸಣೆ. ಆ ಎರಡು ಹೆಸರುಗಳನ್ನಷ್ಟೇ ಬಿಡಬೇಕಿತ್ತು. ಚುಕ್ಕಿಯಿಂದ ಶುರುವಾಗುವ ಎಲ್ಲವೂ ಕಾಣದಾಯಿತು. ಅದೇ ಬಳಗದ ರಾಬ್ ಪೈಕ್ 2012ರಲ್ಲಿ ಈ ಸಂಗತಿಯನ್ನು ಬರೆದು, ಚುಕ್ಕಿ ಫೈಲುಗಳು ಒಂದು ತಪ್ಪಿನ ಕೂಸು ಎಂಬ ಅಭಿಪ್ರಾಯ ಕೊಟ್ಟರು. ಅವರ ಮಾತು ನನಗೆ ಒಪ್ಪಿಗೆ. ಆ ಸೌಲಭ್ಯವನ್ನು ಕಂಡ ಪ್ರೋಗ್ರಾಮರುಗಳೆಲ್ಲ ತಮ್ಮ ಸೆಟ್ಟಿಂಗ್ ಫೈಲುಗಳನ್ನು ಬಳಕೆದಾರರ ಹೋಮ್ ಫೋಲ್ಡರಿನಲ್ಲಿ ಚುಕ್ಕಿಯ ಮರೆಗೆ ತಂದು ಸುರಿದರು. ಲಿನಕ್ಸ್ ಡೆಸ್ಕ್‌ಟಾಪುಗಳು ಬೆಳೆದ ಮೇಲೆ, 2003ರ ಹೊತ್ತಿಗೆ, ಸೆಟ್ಟಿಂಗುಗಳೆಲ್ಲ ‘ಕಾನ್ಫಿಗ್’ ಎಂಬ ಒಂದೇ ಚುಕ್ಕಿ ಫೋಲ್ಡರಿನಲ್ಲಿರಲಿ, ಬಿಸಾಡಬಹುದಾದವು ‘ಕ್ಯಾಶ್’ನಲ್ಲಿರಲಿ ಎಂಬ ಕಟ್ಟಳೆ ಬಂತು. ಅದನ್ನು ಪಾಲಿಸದ ಪ್ರೋಗ್ರಾಮುಗಳು ಇಂದಿಗೂ ಇವೆ. ಉಬುಂಟುವಿನ ಫೈಲ್ಸ್ ಕಿಟಕಿಯಲ್ಲಿ ಕಂಟ್ರೋಲ್ ಮತ್ತು ಎಚ್ ಒಟ್ಟಿಗೆ ಒತ್ತಿದರೆ ಅವೆಲ್ಲ ಎದುರಿಗೆ ಬರುತ್ತವೆ.

ವಿಂಡೋಸಿಗೂ ಮೊದಲಿನ ಡಾಸ್ ಹಿಡಿದ ದಾರಿ ಬೇರೆ. 1981ರ ಐಬಿಎಂ ಪಿಸಿಯ ಫ್ಲಾಪಿಯಲ್ಲಿ ಎರಡು ಫೈಲುಗಳು ಗೊತ್ತಾದ ಜಾಗದಲ್ಲಿದ್ದರೆ ಮಾತ್ರ ಯಂತ್ರ ಏಳುತ್ತಿತ್ತು. ಕೈತಪ್ಪಿ ಅವನ್ನು ಅಳಿಸಿದರೆ ಫ್ಲಾಪಿಯಿಂದ ಬೂಟ್ ಆಗುತ್ತಿರಲಿಲ್ಲ. ಹೀಗಾಗಿ ಮರೆಯನ್ನು ಹೆಸರಿನಲ್ಲಿಡದೆ ಪ್ರತ್ಯೇಕ ಗುರುತಾಗಿ ಇಟ್ಟರು. ಪ್ರತಿ ಫೈಲಿನ 32 ಬೈಟ್‌ಗಳ ನಮೂದಿನಲ್ಲಿ ಒಂದು ಬೈಟ್ ಲಕ್ಷಣಗಳಿಗೆ ಮೀಸಲು. ಅದರಲ್ಲಿ ಒಂದು ಬಿಟ್ ‘ಹಿಡನ್’, ಇನ್ನೊಂದು ‘ಸಿಸ್ಟಮ್’. ಇಂದು ನಮ್ಮ ಪೆನ್ ಡ್ರೈವ್‌ಗಳಲ್ಲಿರುವ ಫ್ಯಾಟ್-32 ಕೂಡ ಇದೇ ಬೈಟನ್ನು ಹೊತ್ತಿದೆ. ಈ ಗುರುತುಗಳನ್ನು ಬದಲಿಸುವ ಕೀಲಿ ಮಾತ್ರ ಬಳಕೆದಾರರ ಕೈಗೆ ತಡವಾಗಿ ಬಂತು. 1991ರ ಡಾಸ್ 5ರವರೆಗೆ ‘ಅಟ್ರಿಬ್’ ಆಜ್ಞೆ ಹಿಡನ್, ಸಿಸ್ಟಮ್ ಗುರುತುಗಳನ್ನು ಮುಟ್ಟುತ್ತಿರಲಿಲ್ಲ. ನಾರ್ಟನ್ ಯುಟಿಲಿಟೀಸ್‌ನಂಥ ಹೊರಗಿನ ಸಾಧನವೇ ಬೇಕಾಗಿತ್ತು.

ಆ್ಯಪಲ್ ಸಹ ಮ್ಯಾಕಿಂತೋಷ್‌ನಲ್ಲಿ ಇಂಥದೇ ಅದೃಶ್ಯ ಗುರುತನ್ನು ಇಟ್ಟಿತ್ತು. 2001ರಲ್ಲಿ ಮ್ಯಾಕ್ ಒಎಸ್ ಎಕ್ಸ್ ಯೂನಿಕ್ಸ್ ಬುನಾದಿಯ ಮೇಲೆ ಎದ್ದಾಗ ಚುಕ್ಕಿಯೂ ಸೇರಿ ಎರಡು ಬಗೆಯ ಮರೆಗಳಾದವು. 2011ರ ಲಯನ್ ಆವೃತ್ತಿ ಬಳಕೆದಾರರ ‘ಲೈಬ್ರರಿ’ ಫೋಲ್ಡರನ್ನೂ ಮರೆಗೆ ಸರಿಸಿತು. 2016ರಿಂದ ಫೈಂಡರಿನಲ್ಲಿ ಕಮಾಂಡ್, ಶಿಫ್ಟ್, ಚುಕ್ಕಿ ಒತ್ತಿದರೆ ಎಲ್ಲವೂ ಕಾಣುತ್ತವೆ.

ವಿಂಡೋಸ್ ಮರೆಯ ಮೇಲೆ ಮರೆ ಹಾಕುತ್ತ ಹೋಯಿತು. ವಿಂಡೋಸ್ 2000ದಲ್ಲಿ, ಹಿಡನ್ ಮತ್ತು ಸಿಸ್ಟಮ್ ಎರಡೂ ಗುರುತಿರುವ ಫೈಲುಗಳಿಗೆಂದೇ ಬೇರೆ ಆಯ್ಕೆ ಬಂತು. ಅದನ್ನು ತೆಗೆಯಹೊರಟರೆ ಎಚ್ಚರಿಕೆ ಎದುರಾಗುತ್ತಿತ್ತು. ಈ ಎರಡನೆಯ ಮರೆಯೇ ಮುಂದೆ ದುಷ್ಟರಿಗೆ ಅನುಕೂಲವಾಯಿತು.

ಅಡಗುವ ವಿದ್ಯೆಯನ್ನು ವೈರಸ್ಸುಗಳು ಮೊದಲಿನಿಂದಲೂ ಬಲ್ಲವು. 1986ರಲ್ಲಿ ಲಾಹೋರ್‌ನಿಂದ ಹೊರಟ ಬ್ರೇನ್ ವೈರಸ್, ಫ್ಲಾಪಿಯ ಬೂಟ್ ಭಾಗವನ್ನು ಯಾರಾದರೂ ಓದಹೊರಟರೆ ಮೂಲ ಪ್ರತಿಯನ್ನು ತೋರಿಸಿ ತಾನು ಮರೆಯಾಗುತ್ತಿತ್ತು. 2005ರ ಅಕ್ಟೋಬರ್ 31ರಂದು ವಿಂಡೋಸ್ ತಜ್ಞ ಮಾರ್ಕ್ ರುಸಿನೋವಿಚ್ ಬಯಲು ಮಾಡಿದ್ದು ಇದಕ್ಕಿಂತ ಆತಂಕದ ಸಂಗತಿ. ಸೋನಿ ಬಿಎಂಜಿಯ ಹಾಡಿನ ಸಿಡಿಗಳು ನಕಲು ತಡೆಯುವ ನೆಪದಲ್ಲಿ ವಿಂಡೋಸಿನ ಆಳಕ್ಕಿಳಿದು, ನಿರ್ದಿಷ್ಟ ಅಕ್ಷರಗಳಿಂದ ಶುರುವಾಗುವ ಹೆಸರಿನ ಯಾವ ಫೈಲೂ ಕಾಣದಂತೆ ಮಾಡುತ್ತಿದ್ದವು. ಯಾವ ಆಯ್ಕೆ ಬದಲಿಸಿದರೂ ಪ್ರಯೋಜನವಿರಲಿಲ್ಲ. ಕೆಲವೇ ದಿನಗಳಲ್ಲಿ ಬೇರೆ ಕೇಡಿನ ಪ್ರೋಗ್ರಾಮುಗಳು ಅದೇ ಮರೆಯಲ್ಲಿ ಆಶ್ರಯ ಪಡೆದವು. ಕಂಪನಿ ಸಿಡಿಗಳನ್ನು ವಾಪಸು ಪಡೆಯಬೇಕಾಯಿತು.

ನಮ್ಮ ಊರುಗಳ ಜೆರಾಕ್ಸ್ ಅಂಗಡಿ, ಡಿಟಿಪಿ ಕೇಂದ್ರ, ಕಾಲೇಜು ಲ್ಯಾಬುಗಳಿಗೆ ಈ ಚರಿತ್ರೆ ತಲುಪಿದ್ದು ‘ಶಾರ್ಟ್‌ಕಟ್ ವೈರಸ್’ ರೂಪದಲ್ಲಿ. ಪ್ರಿಂಟ್ ತೆಗೆಸಿ ಮನೆಗೆ ಬಂದು ಪೆನ್ ಡ್ರೈವ್ ತೆರೆದರೆ ಫೈಲುಗಳ ಜಾಗದಲ್ಲಿ ಬರೀ ಶಾರ್ಟ್‌ಕಟ್‌ಗಳು. ಎಷ್ಟೋ ಜನ ಎಲ್ಲವೂ ಹೋಯಿತೆಂದು ಫಾರ್ಮ್ಯಾಟ್ ಮಾಡಿಬಿಟ್ಟರು. ಅಲ್ಲಿಗೆ, ಹೋಗದೇ ಇದ್ದದ್ದೂ ಹೋಯಿತು. ಫೈಲುಗಳು ಪೆನ್ ಡ್ರೈವಿನಲ್ಲೇ ಇದ್ದವು. ವೈರಸ್ ಅವುಗಳಿಗೆ ಹಿಡನ್, ಸಿಸ್ಟಮ್ ಎರಡೂ ಗುರುತು ಹಾಕಿತ್ತು. ಸಿಸ್ಟಮ್ ಗುರುತು ಬಿದ್ದ ಮೇಲೆ ಪ್ರಾಪರ್ಟೀಸ್‌ನಲ್ಲಿ ಹಿಡನ್ ಚೌಕ ಮಸುಕಾಗಿ, ಟಿಕ್ ತೆಗೆಯಲು ಬರುವುದಿಲ್ಲ. ಕಮಾಂಡ್ ಪ್ರಾಂಪ್ಟಿನಲ್ಲಿ ಅಟ್ರಿಬ್ ಆಜ್ಞೆಗೆ ಮೈನಸ್ ಎಚ್, ಮೈನಸ್ ಎಸ್ ಸೇರಿಸಿ ಎರಡನ್ನೂ ಒಟ್ಟಿಗೆ ತೆಗೆದಾಗಷ್ಟೇ ಅವು ಮರಳುತ್ತಿದ್ದವು. ಪ್ರಾಜೆಕ್ಟ್ ವರದಿ ಕಳೆದುಕೊಂಡು ಅತ್ತ ವಿದ್ಯಾರ್ಥಿಗಳಿಗೆ ಈ ಒಂದು ಸಾಲಿನ ಆಜ್ಞೆಯನ್ನು ಕಲಿಸಿದ್ದರೆ ಸಾಕಿತ್ತು.

ಮರೆಯಿಂದ ರಕ್ಷಣೆ ಸಿಗದೆಂದು ಕೊನೆಗೂ ಅರಿವಾದಾಗ ಕಾವಲು ಬಂತು. ವಿಂಡೋಸ್ ವಿಸ್ಟಾದಿಂದ ಸಿಸ್ಟಮ್ ಫೈಲುಗಳ ಒಡೆತನವೇ ‘ಟ್ರಸ್ಟೆಡ್ ಇನ್‌ಸ್ಟಾಲರ್’ ಎಂಬ ಸೇವೆಯದು. ಅಡ್ಮಿನಿಸ್ಟ್ರೇಟರ್ ಸಹ ಸುಲಭವಾಗಿ ಅಳಿಸಲಾರ. ಮ್ಯಾಕ್‌ನಲ್ಲಿ 2015ರಿಂದ ಸಿಸ್ಟಮ್ ಫೋಲ್ಡರುಗಳಿಗೆ ಬೀಗ ಬಿತ್ತು, 2019ರ ಕ್ಯಾಟಲಿನಾದಲ್ಲಿ ಅವು ಓದಲು ಮಾತ್ರ ಸಾಧ್ಯವಿರುವ ಪ್ರತ್ಯೇಕ ಭಾಗಕ್ಕೇ ಹೋದವು. ಕಂಡರೂ ಕೆಡದ ಫೈಲು ಎಂದರೆ ಇದು.

ಕಾವಲು ಇಷ್ಟು ಬಿಗಿಯಾದ ಮೇಲೆ ಸಾಮಾನ್ಯ ಹಿಡನ್ ಫೈಲುಗಳನ್ನು ಮುಚ್ಚಿಡಲು ಕಾರಣ ಉಳಿದಿಲ್ಲ ಎಂದು ನಾನು ನಂಬುತ್ತೇನೆ. ಏಕೆಂದರೆ ಅಲ್ಲಿರುವುದು ಬರೀ ಯಂತ್ರದ ಸರಂಜಾಮಲ್ಲ, ನಮ್ಮ ಸ್ವತ್ತು. ಯೂಸರ್ಸ್ ಫೋಲ್ಡರಿನಲ್ಲಿ ನಿಮ್ಮ ಹೆಸರಿನ ಕೆಳಗೆ ‘ಆ್ಯಪ್‌ಡೇಟಾ’ ಎಂಬುದೊಂದಿದೆ. ಫೈರ್‌ಫಾಕ್ಸ್ ಬುಕ್‌ಮಾರ್ಕ್‌ಗಳು, ಥಂಡರ್‌ಬರ್ಡ್ ಅಂಚೆ, ಸ್ಟಿಕಿ ನೋಟ್ಸ್ ಚೀಟಿಗಳು, ಕರೆಂಟು ಹೋದಾಗ ವರ್ಡ್ ಉಳಿಸಿಟ್ಟ ಅರೆಬರೆ ಕಡತ ಎಲ್ಲ ಅದರೊಳಗೆ. ವಿಂಡೋಸ್ ಹೊಸದಾಗಿ ಹಾಕಿಸುವ ಮುನ್ನ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮಾತ್ರ ಕಾಪಿ ಮಾಡಿಕೊಂಡವರು ಕಳೆದುಕೊಳ್ಳುವುದು ಇದನ್ನೇ. ವಿಂಡೋಸ್ 11ರಲ್ಲಿ ವ್ಯೂ, ಅದರಲ್ಲಿ ಶೋ, ಅದರಲ್ಲಿ ಹಿಡನ್ ಐಟಮ್ಸ್ ಆರಿಸಿ. ಇಲ್ಲವೇ ರನ್ ಪೆಟ್ಟಿಗೆಯಲ್ಲಿ ಆ್ಯಪ್‌ಡೇಟಾ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಎರಡು ಶೇಕಡಾ ಚಿಹ್ನೆಗಳ ನಡುವೆ ಬರೆದು ಎಂಟರ್ ಒತ್ತಿ. ತೆರೆಯುವುದು ಅದರೊಳಗಿನ ‘ರೋಮಿಂಗ್’ ಫೋಲ್ಡರ್, ಒಂದು ಹಂತ ಮೇಲೆ ಹೋದರೆ ಪೂರ್ತಿ ಆ್ಯಪ್‌ಡೇಟಾ ಸಿಗುತ್ತದೆ. ಎರಡನೆಯ ಮರೆಯನ್ನು ಹಾಗೇ ಬಿಡುವುದು ಒಳ್ಳೆಯದು. ಅದನ್ನು ಸರಿಸಿದರೆ ‘ಡಾಕ್ಯುಮೆಂಟ್ಸ್ ಆ್ಯಂಡ್ ಸೆಟ್ಟಿಂಗ್ಸ್’ ಎಂಬ ಹಳೆಯ ಹೆಸರು ಕಾಣಿಸಿಕೊಂಡು, ತೆರೆಯಹೋದರೆ ಅನುಮತಿಯಿಲ್ಲ ಎನ್ನುತ್ತದೆ. ಅದು ವೈರಸ್ ಅಲ್ಲ, ಹಳೆಯ ಪ್ರೋಗ್ರಾಮುಗಳನ್ನು ಹೊಸ ಜಾಗಕ್ಕೆ ಕಳಿಸುವ ಕೊಂಡಿ.

ಈಚೆಗೆ ಸಮಸ್ಯೆ ತಿರುವುಮುರುವಾಗಿದೆ. 2017ರಿಂದ ಒನ್‌ಡ್ರೈವ್ ಫೋಲ್ಡರಿನಲ್ಲಿ ಹೆಸರು ಕಾಣುವ ಫೈಲು ಡಿಸ್ಕಿನಲ್ಲಿ ಇಲ್ಲದೆಯೂ ಇರಬಹುದು. ಹೆಸರಿನ ಪಕ್ಕದಲ್ಲಿ ಮೋಡದ ಚಿತ್ರವಿದ್ದರೆ ಒಳಗಿನ ವಿಷಯವಿರುವುದು ದೂರದ ಸರ್ವರಿನಲ್ಲಿ. ಇಂಟರ್ನೆಟ್ ಇಲ್ಲದ ಕಡೆ ಅದು ತೆರೆಯುವುದಿಲ್ಲ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್‌ಗಳನ್ನು ಒನ್‌ಡ್ರೈವ್ ಬ್ಯಾಕಪ್‌ಗೆ ಸೇರಿಸಿದ್ದರೆ ಅವೂ ಒನ್‌ಡ್ರೈವ್ ಫೋಲ್ಡರಿನೊಳಗೆ ಸ್ಥಳಾಂತರವಾಗಿರುತ್ತವೆ. ಕಂಪ್ಯೂಟರ್ ರಿಪೇರಿಗೆ ಕೊಡುವ ಮುನ್ನ ಮುಖ್ಯವಾದ ಫೋಲ್ಡರಿನ ಮೇಲೆ ಬಲಗುಂಡಿ ಒತ್ತಿ, ಸದಾ ಈ ಯಂತ್ರದಲ್ಲೇ ಇರಲಿ ಎಂಬ ಆಯ್ಕೆ ಮಾಡಿ, ಪೂರ್ತಿ ಇಳಿಯುವವರೆಗೆ ಕಾದು, ಆಮೇಲೆ ಪ್ರತಿ ತೆಗೆದುಕೊಳ್ಳಬೇಕು.